ಓಡದ ಮುಳ್ಳು

ಏಳೂರು ಕೊಂಡರೂ ಚಿಲ್ಲರೆ ಉಳಿಯುವಷ್ಟು ಹಣ, ಅಂದರೆ ಎಂಬತ್ತು ಸಾವಿರ ಸುರಿದು ಮಾವ ವರೋಪಚಾರಕ್ಕೆ ಕೊಟ್ಟ ಕ್ರೊನೋಗ್ರಾಫ್ ವಾಚನ್ನು ವರ ಮೂರನೆಯ ಸಲ ಹಿಂದಕ್ಕೆ ಕಳಿಸಿದ್ದ. ಉದ್ದ ಮುಳ್ಳು ಓಡುವುದಿಲ್ಲವಂತೆ; ನಿಂತ ವಾಚು ಕಟ್ಟಿಕೊಂಡು ಹಸೆಮಣೆ ಏರುವುದಿಲ್ಲವಂತೆ. ಮುಹೂರ್ತಕ್ಕೆ ಎರಡೇ ದಿನ. ರಿಪೇರಿ ಅಂಗಡಿಯ ಮೆಟ್ಟಿಲು ನೆಲಸಮವಾಗುವಷ್ಟು ಹತ್ತಿಳಿದಿದ್ದ ಮಾವ, ಭೂಮಿಯನ್ನೇ ಹೊತ್ತು ತಂದವರಂತೆ ಸ್ಟೂಲಿನ ಮೇಲೆ ಕುಸಿದರು.

"ಎಷ್ಟು ಸಲ ಹೇಳಲಿ ಯಜಮಾನ್ರೇ? ಆ ಮುಳ್ಳು ಓಟದ ಪಂದ್ಯ ಅಳೆಯೋಕೆ. ಗುಂಡಿ ಒತ್ತಿದರೆ ಮಾತ್ರ ಓಡುತ್ತೆ. ಸೆಕೆಂಡು ತೋರಿಸೋದು ಒಳಗಿನ ಸಣ್ಣ ವೃತ್ತದ ಈ ಪುಟ್ಟ ಮುಳ್ಳು," ಎಂದ ಅಂಗಡಿಯವ.

"ಹೇಳಿ ಹೇಳಿ ನನ್ನ ನಾಲಿಗೆ ಅರ್ಧ ಸವೀತಪ್ಪ. 'ನನಗೇ ವಾಚು ಕಲಿಸ್ತೀರಾ ಮಾವ' ಅಂತಾರೆ ಅಳಿಯಂದ್ರು."

ಕೌಂಟರಿನ ಗಾಜಿನ ಕೆಳಗೆ ಅದರದೇ ಅವಳಿಯಂತಿದ್ದ ಇನ್ನೊಂದು ವಾಚು. ಉದ್ದ ಮುಳ್ಳು ಬಿಡುವಿಲ್ಲದೆ ಸುತ್ತುತ್ತಿತ್ತು.

"ಅದು?"

"ಎಂಟುನೂರರ ನಕಲು ಬಿಡಿ. ಪುಟ್ಟ ಮುಳ್ಳುಗಳೆಲ್ಲ ಬರೀ ಚಿತ್ರ."

ಮಾವ ನಿಟ್ಟುಸಿರು ಬಿಟ್ಟರು. "ಅದನ್ನ ನಮ್ಮ ವಾಚಿನ ಡಬ್ಬೀಲಿ ಹಾಕಿಕೊಡಿ."

ಧಾರೆಯ ದಿನ ವರ ಮಣಿಕಟ್ಟು ಎತ್ತೆತ್ತಿ ಗೆಳೆಯರಿಗೆ ತೋರಿಸಿದ: "ಗಟ್ಟಿಯಾಗಿ ಕೇಳಿದ್ದಕ್ಕೇ ನೋಡ್ರೋ, ಮಾವ ಕೊನೆಗೂ ಒರಿಜಿನಲ್ ತಂದ್ಕೊಟ್ರು."