ಎರಡನೇ ರಿಮೋಟ್

ಯಾರ ಮನೆಯಿಂದಲಾದರೂ ನೋವಿನ ಎಣ್ಣೆ ಕಾಯಿಸಿದ ವಾಸನೆ ಬಂದರೆ ಈಗಲೂ ನನ್ನ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತದೆ.

ನಾವಾಗ ಚಂದ್ರಾ ಲೇಔಟಿನಲ್ಲಿದ್ದೆವು. ಲಕ್ವ ಹೊಡೆದು ಆಸ್ಪತ್ರೆಯಿಂದ ಬಂದಿದ್ದ ಅಪ್ಪನ ಎಡಗೈಗೆ ಅಮ್ಮ ದಿನಾ ಮಧ್ಯಾಹ್ನ ಎಣ್ಣೆ ತಿಕ್ಕುತ್ತಿದ್ದಳು. ಅದಾದ ಮೇಲೆ ನಾನು ವಿಡಿಯೋ ಗೇಮಿನ ಕ್ಯಾಸೆಟ್ಟಿಗೆ ಉಫ್ ಎಂದು ಊದಿ, ಟೆನಿಸ್ ಹಾಕುತ್ತಿದ್ದೆ. ಆಡಲು ನನಗೊಂದು ರಿಮೋಟ್, ಅಪ್ಪನಿಗೊಂದು. ಯಾರೋ ಅರ್ಧಕ್ಕೇ ಕೈಬಿಟ್ಟಂಥ ಆಟ. ಆಟಗಾರರಿಗೆ ಮುಖವೇ ಇರಲಿಲ್ಲ. ಚೆಂಡು ಒಮ್ಮೊಮ್ಮೆ ಬ್ಯಾಟನ್ನೇ ತೂರಿಕೊಂಡು ಹೋಗುತ್ತಿತ್ತು.

ಅವತ್ತು ಅಪ್ಪನ ಆಟಗಾರ ನಿಂತಲ್ಲೇ ನಿಂತಿದ್ದ. ಓಡಿಸುವ ಗುಂಡಿ ರಿಮೋಟಿನ ಎಡಗಡೆ ಇತ್ತು.

"ಒತ್ತಪ್ಪಾ, ಜೋರಾಗಿ ಒತ್ತು!"

"ಈ ರಿಮೋಟೇ ಸರಿ ಇಲ್ಲ ಕಣೇ," ಎಂದ ಅಪ್ಪ. ಅಮ್ಮ ಎಣ್ಣೆ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ನಾನು ಅಪ್ಪನ ರಿಮೋಟ್ ಹಿಡಿದು ಗೇಮ್ ಅಂಗಡಿಗೆ ಓಡಿದೆ. ಅಂಗಡಿ ಅಂಕಲ್ ಅದನ್ನು ತಮ್ಮ ಟೀವಿಗೆ ಸಿಕ್ಕಿಸಿ ಒತ್ತಿದರು. ಆಟಗಾರ ಸರಸರ ಓಡಿದ.

"ಚೆನ್ನಾಗೇ ಇದೆಯಲ್ಲಮ್ಮಾ, ಏನಾಗಿದೆ ಇದಕ್ಕೆ?"

ಎಡಗುಂಡಿಯ ಮೇಲೆ ಎಣ್ಣೆ ಮೆತ್ತಿಕೊಂಡಿತ್ತು. ಹೆಬ್ಬೆರಳಿಗೆ ಫ್ರಾಕಿನ ತುದಿ ಸುತ್ತಿ ಒರೆಸಿದೆ, ಮತ್ತೆ ಮತ್ತೆ ಒರೆಸಿದೆ.

ಮನೆಗೆ ಬಂದರೆ ಅಪ್ಪ ಗೋಡೆ ಹಿಡಿದುಕೊಂಡು ಬಾಗಿಲಿಗೇ ಬಂದು ನಿಂತಿದ್ದ. "ಏನಂದ್ರು ಅವ್ರು?"

"ಕೆಟ್ಟೋಗಿದೆಯಂತಪ್ಪಾ. ರಿಪೇರಿ ಆಗಲ್ವಂತೆ."

"ನಾನ್ ಹೇಳ್ಲಿಲ್ವಾ," ಎಂದು ಅಮ್ಮನ ಕಡೆ ತಿರುಗಿ ನಕ್ಕ.

ನನ್ನ ರಿಮೋಟ್ ಚೆನ್ನಾಗಿತ್ತು. ಅದನ್ನು ಅಪ್ಪನೂ ಕೇಳಲಿಲ್ಲ, ನಾನೂ ಕೊಡಲಿಲ್ಲ.