ಜಾಜಿಯ ಮೀನು

ಬಟ್ಟಲು ಇವತ್ತೂ ಖಾಲಿಯಾಗಿತ್ತು. ಖಾಲಿ ಮಾತ್ರವಲ್ಲ, ತೊಳೆದು ಮಗುಚಿ ಇಟ್ಟಿತ್ತು. ಅದರ ಪಕ್ಕದಲ್ಲೇ ಕೂತ ಜಾಜಿ, ಹಸಿದ ಬೆಕ್ಕು ಕೂಗುವ ಹಾಗೆ ಕೂಗುತ್ತಿತ್ತು.

ದಿವ್ಯಾ ಒದ್ದೆ ಕೂದಲಿನಲ್ಲೇ ಬಗ್ಗಿ ಬೆಕ್ಕನ್ನು ಎತ್ತಿಕೊಂಡಳು. ಬೆನ್ನಿನ ಮೂಳೆ ಕೈಗೆ ಒತ್ತಿತು.

"ಅತ್ತೆ, ಜಾಜಿ ಮೀನು ತಿಂತಾ?"

"ಬಟ್ಟಲು ಖಾಲಿ ಇಲ್ವಾ?" ಮಜ್ಜಿಗೆ ಕಡೆಯುತ್ತಿದ್ದ ಗಿರಿಜಾಂಬಾ ತಲೆ ಎತ್ತಲಿಲ್ಲ. "ನಾತ ಹೊಡೆಯುತ್ತೆ ಅಂತ ತೊಳೆದಿಟ್ಟೆ."

ದೇವರಮನೆ ಬೆಟ್ಟದ ಕಡೆಯ ಆ ಎಸ್ಟೇಟ್ ಮನೆಗೆ ಮೊಟ್ಟೆ ಕೂಡ ಬಂದಿದ್ದಿಲ್ಲ. ಹಿಂದಿನ ಎರಡು ಬೆಕ್ಕುಗಳನ್ನು ಚಿರತೆ ಒಯ್ದ ಮೇಲೆ ದಿವ್ಯಾ ಈ ಜಾಜಿಯನ್ನು ಹೊಸಿಲು ದಾಟಲು ಬಿಟ್ಟಿರಲಿಲ್ಲ. ಇಲಿಯಿಲ್ಲ, ಹಕ್ಕಿಯಿಲ್ಲ. ಹಾಲನ್ನ, ಮೊಸರನ್ನ, ಅಷ್ಟೇ. ಹಾಗೆ ಬೆಳೆದ ಬೆಕ್ಕು ಆ ಬೇಸಿಗೆಯಲ್ಲಿ ಬಾಗಿಲಿಗೆ, ಕುರ್ಚಿಯ ಕಾಲಿಗೆ ಮುಖ ಬಡಿದುಕೊಳ್ಳತೊಡಗಿತು.

ಮೂಡಿಗೆರೆಯ ಪಶುವೈದ್ಯರು ಅದರ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು.

"ಹೊರಗೆ ತಿರುಗೋ ಬೆಕ್ಕಾದ್ರೆ ಇಲಿ ಹಿಡ್ಕೊಂಡು ಬದುಕುತ್ತೆ. ಒಳಗೇ ಇರೋದಕ್ಕೆ ನೀವು ಹಾಕಿದ್ದೇ ಗತಿ. ಮೀನೋ ಮಾಂಸವೋ ಕೊಡ್ಲೇಬೇಕು. ಇಲ್ಲಾಂದ್ರೆ ಪೂರ್ತಿ ಕಣ್ಣು ಹೋಗುತ್ತೆ. ಆಮೇಲೆ ಹೃದಯ."

ಬೆಕ್ಕಿನ ಪ್ಯಾಕೆಟ್ ಆಹಾರ ಬೆಂಗಳೂರಿನಲ್ಲಿ ಸಿಗುತ್ತದಂತೆ. ಮೂಡಿಗೆರೆಯ ಅಂಗಡಿಗಳಲ್ಲಿ ಕೇಳಿದರೆ ನಗುತ್ತಿದ್ದರು.

"ನಾನು ಇರೋವರೆಗೆ ಮೀನಿನ ವಾಸನೆ ಈ ಮನೆಗೆ ಬರಬಾರದು," ಎಂದಿದ್ದರು ಗಿರಿಜಾಂಬಾ. ಹಾಗೆಂದವರೇ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಅಷ್ಟು ಸಿಟ್ಟು. ಅವರ ಮಡಿ ಸುತ್ತಲಿನ ತೋಟದವರಿಗೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಅವರ ತವರು. ಘಟ್ಟದ ಕೆಳಗಿನ ಕಡೆಯವರು ಎನ್ನುತ್ತಿದ್ದರು. ಮದುವೆಯಾದ ಮೇಲೆ ಅಲ್ಲಿಂದ ಒಬ್ಬ ನೆಂಟನೂ ಘಟ್ಟ ಹತ್ತಿ ಬಂದಿರಲಿಲ್ಲ.

ಕೊನೆಗೆ ರಾಜೀವ್ ಹೆಂಡತಿಗೂ ತಾಯಿಗೂ ರಾಜಿ ಮಾಡಿಸಿದ. ಮೀನು ಬೇಯುವುದು ಹಿತ್ತಲಿನ ಒಲೆಯಲ್ಲಿ. ಬೆಕ್ಕಿಗೆ ಹಾಕುವುದು ಸೌದೆ ಕೋಣೆಯಲ್ಲಿ. ಬೇಯಿಸಿದವಳು ತಲೆಗೆ ಸ್ನಾನ ಮಾಡಿಯೇ ಒಳಗೆ ಬರಬೇಕು.

ಚಾರ್ಮಾಡಿ ಘಾಟಿ ಹತ್ತಿ ಬರುವ ಮೀನಿನವನ ಎಂ-80 ಗಾಡಿ ಗೇಟಿನ ಬಳಿ ಹಾರನ್ ಹೊಡೆದರೆ ಸಾಕು, ದಿವ್ಯಾ ಪಾತ್ರೆ ಹಿಡಿದು ಓಡುತ್ತಿದ್ದಳು. ಹುಟ್ಟಿದ ಮೇಲೆ ಮೀನು ಮುಟ್ಟಿದವಳಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡು, ಅದು ಕರಗಿ ಗಂಜಿಯಾಗುವ ತನಕ ಕುದಿಸುತ್ತಿದ್ದಳು. ಜಾಜಿ ಅದನ್ನೇ ನೆಕ್ಕಿ ನೆಕ್ಕಿ ತಿಂದು ಚೇತರಿಸಿಕೊಳ್ಳತೊಡಗಿತು.

ಒಂದು ದಿನ ಗಿರಿಜಾಂಬಾ ದೂರದಲ್ಲೇ ನಿಂತು ಹೇಳಿದರು, "ಹಂಗೆ ಕುದಿಸಿದ್ರೆ ಒಡೆದು ಹೋಗುತ್ತೆ ಮಾರಾಯ್ತಿ. ಒಂದು ಕುದಿ ಬಂದ ಕೂಡ್ಲೇ ಇಳಿಸು."

ಇನ್ನೊಂದು ದಿನ, "ನೀನು ಸ್ನಾನಕ್ಕೆ ಹೋಗು. ಮೀನು ಆರಿದ ಮೇಲೆ ಜಾಜಿಯನ್ನ ನಾನೇ ಸೌದೆ ಕೋಣೆಗೆ ಬಿಡ್ತೀನಿ."

ಅತ್ತೆ ಕರಗುತ್ತಿದ್ದಾರೆ ಎಂದು ದಿವ್ಯಾ ಹಿಗ್ಗಿದಳು. ಆದರೆ ಬೆಕ್ಕು ಮತ್ತೆ ಇಳಿದುಹೋಗಲು ಶುರುವಾದದ್ದೂ ಆಗಲೇ.

"ಇವತ್ತು ನಾನೇ ತಿನ್ನಿಸ್ತೀನಿ ಅತ್ತೆ," ಎಂದು ನೋಡಿದಳು.

"ಮೈಲಿಗೇಲಿ ನಿಂತ್ಕೋಬೇಡ, ಹೋಗು!" ಗಿರಿಜಾಂಬಾ ಗದರಿದ ರಭಸಕ್ಕೆ ದಿವ್ಯಾ ಹಿಂದೆ ಸರಿದಳು.

ಅವಳ ಮನಸ್ಸಿಗೆ ಮುಳ್ಳು ಚುಚ್ಚಿಕೊಂಡಿತು. ಮೀನನ್ನು ಎಸೆಯುತ್ತಿದ್ದಾರೆಯೆ? ಗೊಬ್ಬರದ ಗುಂಡಿ ಕೆದಕಿದಳು. ಚರಂಡಿ ನೋಡಿದಳು. ಏನೂ ಇರಲಿಲ್ಲ. ಹಾಗಾದರೆ ಅದು ಬೆಕ್ಕಿನ ಹೊಟ್ಟೆಗೇ ಹೋಗುತ್ತಿದೆ, ಬೇರೇನೋ ಬೆರೆತು. ಗೋಡೌನಿಗೆ ಓಡಿ ಇಲಿಪಾಷಾಣದ ಡಬ್ಬಿ ಹುಡುಕಿದಳು. ಸೀಲ್ ಒಡೆದಿರಲಿಲ್ಲ. ಅನುಮಾನ ಮಾತ್ರ ಹೋಗಲಿಲ್ಲ.

"ಅಮ್ಮ ಬೆಕ್ಕಿಗೆ ವಿಷ ಹಾಕ್ತಾರಾ? ನಿನಗೆ ತಲೆ ಕೆಟ್ಟಿದೆ," ಎಂದ ರಾಜೀವ್.

"ಮಡಿ ಹೆಂಗಸು ಮೀನಿನ ಬಟ್ಟಲು ತೊಳೀತಾರೇನ್ರೀ? ಅಷ್ಟು ಹೇಳಿ ನಂಗೆ."

ಅವನು ಎದ್ದು ತೋಟಕ್ಕೆ ಹೋದ.

ಮರುದಿನ ಬೆಳಿಗ್ಗೆ ಜಾಜಿ ಎಂದಿನಂತೆ ಕಿಟಕಿ ಕಟ್ಟೆಗೆ ಹಾರಲು ಹೋಗಿ ಕೆಳಗೆ ಬಿತ್ತು. ಬಿದ್ದಲ್ಲೇ ಮಲಗಿ ತೇಕುತ್ತಿತ್ತು. ದಿವ್ಯಾ ಅಳಲಿಲ್ಲ. ಮೀನಿನವನು ಬಂದಾಗ ಎಂದಿನಂತೆ ಬೂತಾಯಿ ಮೀನು ಕೊಂಡಳು. ಒಂದು ಕುದಿಗೇ ಇಳಿಸಿದಳು. ಬಟ್ಟಲನ್ನು ಸೌದೆ ಕೋಣೆಯಲ್ಲಿಟ್ಟು ಬಚ್ಚಲಿಗೆ ಹೋದಳು. ನಲ್ಲಿಯನ್ನು ಜೋರಾಗಿ ಬಿಟ್ಟು, ಸದ್ದು ಮಾಡದೆ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸೌದೆ ಕೋಣೆಯ ಕಿಟಕಿಗೆ ಬಂದಳು. ಇವತ್ತು ಅತ್ತೆಯನ್ನು ವಿಷ ಹಾಕುವಾಗಲೇ ಹಿಡಿಯಬೇಕು. ಹಿಡಿದು, ಅವರ ಮಗನನ್ನೇ ಕರೆದು ತೋರಿಸಬೇಕು.

ಗಿರಿಜಾಂಬಾ ಮಣೆಯ ಮೇಲೆ ಕೂತಿದ್ದರು. ಮುಂದೆ ಬಾಳೆಲೆಯ ತುಂಡು, ಅದರಲ್ಲಿ ಒಂದು ಹಿಡಿ ಬಿಸಿ ಅನ್ನ. ಜಾಜಿ ಅವರ ಮೊಣಕಾಲಿಗೆ ಮುಖ ತಿಕ್ಕುತ್ತಿತ್ತು. ಎಲ್ಲೂ ಡಬ್ಬಿಯಿಲ್ಲ, ಪುಡಿಯಿಲ್ಲ.

"ತಡಿ ತಡಿ, ನಿಂಗೂ ಇದೆ," ಎಂದರು ಗಿರಿಜಾಂಬಾ. ಅಷ್ಟು ಮೆತ್ತಗಿನ ದನಿಯನ್ನು ದಿವ್ಯಾ ಆ ಮನೆಯಲ್ಲಿ ಕೇಳಿಯೇ ಇರಲಿಲ್ಲ.

ಅವರು ಬಟ್ಟಲಿನಿಂದ ಮೀನೊಂದನ್ನು ಎತ್ತಿ ಎಲೆಗೆ ಹಾಕಿಕೊಂಡರು. ಬೆರಳ ತುದಿಯಲ್ಲಿ ಬೆನ್ನು ಬಿಡಿಸಿದರು. ನಡುಮುಳ್ಳು ಬಾಲದವರೆಗೆ ಒಂದೇ ಎಳೆತಕ್ಕೆ ಬಂತು. ಸಣ್ಣ ಮುಳ್ಳುಗಳನ್ನೂ ಹುಡುಕಿ ತೆಗೆದು, ಮೀನನ್ನು ಅನ್ನದೊಂದಿಗೆ ಕಲಸಿ ತುತ್ತು ಕಟ್ಟಿದರು.

ದಿವ್ಯಾ ಕಿಟಕಿಯ ಸರಳಿಗೆ ಹಣೆ ಒತ್ತಿದಳು. ಬೆಕ್ಕಿನ ಗಂಟಲಿಗೆ ಮುಳ್ಳು ಸಿಕ್ಕೀತೆಂದು ಈ ಮಡಿ ಹೆಂಗಸು ಕೈಯಾರೆ ಮೀನು ಬಿಡಿಸಿ ತಿನ್ನಿಸುತ್ತಿದ್ದಾರೆ! ಇಂಥವರ ಮೇಲೆ ತಾನು ವಿಷದ ಆರೋಪ ಹೊರಿಸಿದಳಲ್ಲ. ಒಳಗೆ ಹೋಗಿ ಕಾಲು ಹಿಡಿಯೋಣವೆಂದು ಅವಳು ತಿರುಗಬೇಕು, ಅಷ್ಟರಲ್ಲಿ ಅತ್ತೆಯ ಕೈ ಮೇಲೆದ್ದಿತು.

ಮೀನಿನ ತಲೆಯನ್ನಷ್ಟೇ ಬೆಕ್ಕಿನತ್ತ ಸರಿಸಿ, ಗಿರಿಜಾಂಬಾ ಕಣ್ಣು ಮುಚ್ಚಿಕೊಂಡು, ಆ ತುತ್ತನ್ನು ತಮ್ಮ ಬಾಯಿಗೆ ಇಟ್ಟುಕೊಂಡರು.