ಎರಡನೆಯ ಕುರ್ಚಿಯ ಗಿರಕಿ

ಗದಗಿನ ಚರಿತ್ರೆಯಲ್ಲಿ ದಾಖಲಾಗಲೇಬೇಕಾದ ಸಂಗತಿಯೆಂದರೆ, ಆ ಮಂಗಳವಾರ ಬೆಳಿಗ್ಗೆ ಗುರುಪಾದಪ್ಪನವರ ಎರಡನೆಯ ಕುರ್ಚಿಯ ಅಳತೆ ನಡೆಯಿತು. ಒಂಟಿಯಾಗಿರುವವರ ಮನೆಗೆ ಸರ್ಕಾರವೇ ಜೊತೆಗಾರರನ್ನು ಕಳಿಸುವ ಕಾಲವಿದು. ಖಾಲಿ ಕುರ್ಚಿಯ ಮೇಲ್ಮೈಯಲ್ಲಿ ಇಲೆಕ್ಟ್ರಾನುಗಳಿಗೆ ತೆರವಿರುವ ಜಾಗಗಳು ಎಡಕ್ಕೆ ಗಿರಕಿ ಹೊಡೆಯುತ್ತವೋ ಬಲಕ್ಕೋ ಎಂದು ಯಂತ್ರ ಹೇಳಿದರೆ ಸಾಕು, ಅದಕ್ಕೆ ಹೊಂದುವವರು ವಾರದೊಳಗೆ ಬಂದು ಕೂರುತ್ತಾರೆ. ಈ ಅಳತೆಯ ಸರದಿಗಾಗಿ ಗುರುಪಾದಪ್ಪನವರು ಕುರ್ಚಿ ಖಾಲಿ ಇಟ್ಟು ಆರು ವರ್ಷ ಕಾದಿದ್ದರು.

ಅಳತೆಗೆ ಬಂದ ನೀಲಗಂಗಮ್ಮ ಯಂತ್ರವನ್ನು ಕುರ್ಚಿಗೆ ಹಿಡಿದರು. ಮುಳ್ಳು ಅಲುಗಲಿಲ್ಲ.

"ಯಜಮಾನ್ರ, ಇದರ ಮ್ಯಾಲ ಏನರ ಇಟ್ಟಿದ್ರೇನು?"

"ಏನಿಲ್ರೀ ಅಕ್ಕಾರ. ನಿನ್ನೆ ಒಂದು ಟಾವೆಲ್ ಹಾಕಿದ್ದೆ. ಬರೋರಿಗೆ ಸೀಟ್ ಹಿಡೀಬೇಕಲ್ಲ!"

"ಇದೇನ್ ಹುಬ್ಬಳ್ಳಿ ಬಸ್ಸೇನ್ರೀ? ಟಾವೆಲ್ ಹಾಕಿದ್ರ ಜಾಗಾ ತುಂಬಿದ್ಹಂಗ. ಇನ್ನೊಂದು ವರ್ಷ ಖಾಲಿ ಇಡ್ರಿ, ಮತ್ತ ಅಳೀತೀವಿ."

ಗುರುಪಾದಪ್ಪನವರು ಒಳಗೆ ಹೋಗಿ ಎರಡು ಲೋಟ ಚಹಾ ತಂದರು.

"ಏಲಕ್ಕಿ ಹಾಕೀರಲ್ಲ!" ಎಂದರು ನೀಲಗಂಗಮ್ಮ. "ನಮ್ಮನ್ಯಾಗೂ ನಾ ಒಬ್ಬಾಕೀನ. ಒಂದು ಲೋಟಕ್ಕ ಯಾರು ಏಲಕ್ಕಿ ಕುಟ್ತಾರ?" ಆಮೇಲೆ ಕುರ್ಚಿ ನೋಡಿ, "ಹೆಂಗೂ ಅಳತಿ ಕೆಟ್ಟೈತಿ, ನಾನ ಕುಂದರ್ಲೇನು?" ಎಂದರು.

"ಬ್ಯಾಡ್ರಿ! ವರ್ಷದ ಲೆಕ್ಕ ಇವತ್ತಿಂದನ ಸುರು ಆಗ್ಲಿ. ನನ್ನ ಕುರ್ಚಿ ಮ್ಯಾಲ ಕುಂದರ್ರಿ."

"ನೀವು ನಿಂತು ನಾ ಹೆಂಗ ಕುಂದರ್ಲಿ?"

ಇಬ್ಬರೂ ನಿಂತೇ ಚಹಾ ಕುಡಿದರು. ಮರುವರ್ಷ ಖಾಲಿ ಕುರ್ಚಿಯ ಅಳತೆಗೆ ಬೇರೆಯವರು ಬಂದರು.